ಮೇಜಿನ ಪಕ್ಕದ ಬುಟ್ಟಿ: ನಿಮಗಿದು ಗೊತ್ತೇ?

ಮನೆಯಲ್ಲಿ ಹಸಿ ಕಸ, ಒಣ ಕಸ ಎಂದು ಚಾಚೂ ತಪ್ಪದೆ ಬೇರೆ ಮಾಡುವವರೇ ಕಚೇರಿಗೆ ಬಂದರೆ ಊಟದ ಉಳಿಕೆ, ಟಿಶ್ಯೂ, ಪ್ರಿಂಟ್ ತೆಗೆದ ಹಾಳೆ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕುತ್ತಾರೆ. ಸಂಜೆ ಯಾರೋ ಬಂದು ಅದನ್ನು ಒಯ್ಯುತ್ತಾರೆ, ಬೆಳಿಗ್ಗೆ ಬುಟ್ಟಿ ಖಾಲಿ ಇರುತ್ತದೆ. ನಡುವೆ ಏನಾಯಿತೆಂದು ವಿಚಾರಿಸುವವರು ಕಡಿಮೆ. ಆ ನಡುವಿನ ಸಂಗತಿಗಳು ಈ ಸಲದ ಅಂಕಣದಲ್ಲಿ.

★ 500 ಹಾಳೆಗಳ ಎ4 ಕಟ್ಟು ಎಷ್ಟು ತೂಗುತ್ತದೆ? 75 ಜಿಎಸ್‌ಎಂ ಕಾಗದವಾದರೆ ಸುಮಾರು 2.3 ಕಿಲೋ. ನೂರು ಮಂದಿಯ ಕಚೇರಿ, ತಲೆಗೆ ದಿನಕ್ಕೆ 20 ಹಾಳೆ, ವರ್ಷಕ್ಕೆ 250 ಕೆಲಸದ ದಿನ ಎಂದು ಲೆಕ್ಕ ಹಾಕಿ ನೋಡಿ. ಸಾವಿರ ಕಟ್ಟು, ಎರಡು ಟನ್ನಿಗೂ ಹೆಚ್ಚು ಕಾಗದ! ಹಾಳೆಯ ಎರಡೂ ಮಗ್ಗುಲಿಗೆ ಮುದ್ರಿಸಿದರೆ ಇದರಲ್ಲಿ ಅರ್ಧ, ಅಂದರೆ ಒಂದು ಟನ್ನಿಗೂ ಮಿಕ್ಕಿ ಉಳಿಯುತ್ತದೆ. ಇದಕ್ಕಾಗಿ ನೂರು ಮಂದಿಗೂ ತಿಳಿಹೇಳುತ್ತ ಕೂರಬೇಕಿಲ್ಲ. ಐಟಿ ವಿಭಾಗದ ಒಬ್ಬರು ಎಲ್ಲ ಪ್ರಿಂಟರುಗಳಲ್ಲೂ ಅದನ್ನೇ ಖಾಯಂ ಸೆಟ್ಟಿಂಗ್ ಮಾಡಿಟ್ಟರೆ ಮುಗಿಯಿತು. ಕಚೇರಿಗೂ ಮನೆಗೂ ಇರುವ ದೊಡ್ಡ ವ್ಯತ್ಯಾಸವೇ ಇದು. ಇಲ್ಲಿ ಒಬ್ಬರ ಒಂದು ತೀರ್ಮಾನ ನೂರಾರು ಮಂದಿಯ ಅಭ್ಯಾಸವಾಗುತ್ತದೆ.

★ ಕಾಗದಕ್ಕೂ ನಮ್ಮ ಕಾಡಿಗೂ ಹಳೆಯ ಲೆಕ್ಕವೊಂದಿದೆ. ದಾಂಡೇಲಿಯಲ್ಲಿ 1950ರ ದಶಕದಲ್ಲಿ ಕಾಗದದ ಕಾರ್ಖಾನೆ ಶುರುವಾದಾಗ ಉತ್ತರ ಕನ್ನಡದ ಬಿದಿರನ್ನು ಸರ್ಕಾರ ಅದಕ್ಕೆ ಕೊಟ್ಟದ್ದು ಟನ್ನಿಗೆ ಒಂದೂವರೆ ರೂಪಾಯಿಯಂತೆ. ಅದೇ ಬಿದಿರನ್ನು ನಂಬಿ ಬುಟ್ಟಿ, ಮೊರ ಹೆಣೆಯುತ್ತಿದ್ದವರು ಪೇಟೆಯಲ್ಲಿ ಅದರ ಎಷ್ಟೋ ಪಟ್ಟು ತೆರಬೇಕಿತ್ತು. ಬಿದಿರೇ ಸಿಗುತ್ತಿಲ್ಲವೆಂದು ಅವರು ದನಿ ಎತ್ತಿದ ಮೇಲೆ, 1970ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ರಾಜ್ಯದ ಬಿದಿರು ಕಾಡುಗಳ ಅಧ್ಯಯನಕ್ಕೆ ಇಳಿದರು. ಅಗ್ಗಕ್ಕೆ ಸಿಕ್ಕ ವಸ್ತುವನ್ನು ಯಾರೂ ಜೋಪಾನ ಮಾಡುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಕಾಣದು.

★ ಒಂದೇ ಕಾಗದವನ್ನು ಎಷ್ಟು ಸಲ ಮರುಬಳಕೆ ಮಾಡಬಹುದು? ಸಾಮಾನ್ಯವಾಗಿ ಐದರಿಂದ ಏಳು ಸಲ. ಪ್ರತಿ ಸಲ ನೀರಿನಲ್ಲಿ ಕಲಸಿ ತಿರುಳು ಮಾಡುವಾಗ ನಾರು ಗಿಡ್ಡವಾಗುತ್ತ ಹೋಗುತ್ತದೆ. ಬರೆಯುವ ಹಾಳೆಯಾಗಿದ್ದದ್ದು ಮುಂದೆ ನ್ಯೂಸ್‌ಪ್ರಿಂಟ್, ಆಮೇಲೆ ರಟ್ಟು, ಕೊನೆಗೆ ಮೊಟ್ಟೆ ಇಡುವ ಟ್ರೇ. ಉದ್ದ ನಾರಿನ ಬಿಳಿ ಹಾಳೆಗೆ ಗುಜರಿಯಲ್ಲಿ ಒಳ್ಳೆಯ ಬೆಲೆ ಸಿಗುವುದು ಇದಕ್ಕೇ. ಶ್ರೆಡರಿಗೆ ಕೊಟ್ಟ ಹಾಳೆಯ ನಾರು ಕಾರ್ಖಾನೆ ತಲುಪುವ ಮೊದಲೇ ತುಂಡಾಗಿರುತ್ತದೆ, ಬೆಲೆಯೂ ಬಿದ್ದಿರುತ್ತದೆ. ಗೋಪ್ಯ ಕಾಗದಗಳಿಗಷ್ಟೇ ಶ್ರೆಡರ್ ಇರಲಿ.

★ ಸ್ಟೇಪ್ಲರ್ ಪಿನ್ ಕಿತ್ತೇ ರದ್ದಿಗೆ ಹಾಕಬೇಕೇ? ಬೇಕಿಲ್ಲ. ಕಾರ್ಖಾನೆಯ ಜರಡಿ ಮತ್ತು ಅಯಸ್ಕಾಂತಗಳು ಅದನ್ನು ಬೇರ್ಪಡಿಸುತ್ತವೆ. ಕಾಗದವನ್ನು ನಿಜಕ್ಕೂ ಕೆಡಿಸುವವು ಎಣ್ಣೆ, ಸಾಂಬಾರು, ಅಂಟುಟೇಪು, ಲ್ಯಾಮಿನೇಷನ್.

★ ಕಾಗದದಂತೆ ಕಂಡರೂ ರದ್ದಿಗೆ ಸಲ್ಲದವು ಎರಡಿವೆ. ಒಂದು, ಕೈ ಒರೆಸಿದ ಟಿಶ್ಯೂ. ಅದರ ನಾರು ತೀರ ಗಿಡ್ಡ, ಜೊತೆಗೆ ಕೊಳೆ. ಇನ್ನೊಂದು, ಎಟಿಎಂ ಮತ್ತು ಕಾರ್ಡ್ ಯಂತ್ರದಿಂದ ಬರುವ ನುಣುಪು ಚೀಟಿ. ಅದರಲ್ಲಿ ಶಾಯಿಯೇ ಇರುವುದಿಲ್ಲ. ಬಿಸಿ ತಾಗಿದಾಗ ಕಪ್ಪಾಗುವ ರಾಸಾಯನಿಕ ಲೇಪವಿರುತ್ತದೆ. ಆ ಲೇಪದಲ್ಲಿ ಬಳಸುವ ಬಿಸ್ಫೆನಾಲ್ ಎ ಹಾರ್ಮೋನುಗಳ ಕೆಲಸಕ್ಕೆ ಅಡ್ಡಿ ಮಾಡುತ್ತದೆಂದು ಯುರೋಪಿಯನ್ ಒಕ್ಕೂಟ 2020ರಿಂದ ಅದಕ್ಕೆ ಬಿಗಿ ಮಿತಿ ಹಾಕಿದೆ. ಬೇಡವಾದ ರಸೀತಿಯನ್ನು ಮುದ್ರಿಸದಿರುವುದೇ ಒಳ್ಳೆಯದು.

★ ಈಗ ಕಾಫಿ ಲೋಟದ ವಿಷಯಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಪೇಪರ್ ಕಪ್ ಪರಿಸರಕ್ಕೆ ಒಳ್ಳೆಯದೆಂಬ ನಂಬಿಕೆ ನಮ್ಮ ಕಚೇರಿಗಳಲ್ಲಿ ಬೇರೂರಿದೆ. ಬರೀ ಕಾಗದದಲ್ಲಿ ಬಿಸಿ ಕಾಫಿ ನಿಲ್ಲುವುದಿಲ್ಲ. ಅದಕ್ಕೇ ಲೋಟದ ಒಳಗೋಡೆಗೆ ಪಾಲಿಥೀನಿನ ತೆಳುಪದರ ಅಂಟಿಸಿರುತ್ತಾರೆ. ಕಾಗದವನ್ನೂ ಪ್ಲಾಸ್ಟಿಕ್ಕನ್ನೂ ಬಿಡಿಸಲು ವಿಶೇಷ ಯಂತ್ರವೇ ಬೇಕು. ಮಾಮೂಲಿ ರದ್ದಿಯ ಜೊತೆ ಅದು ಹೋಗುವುದಿಲ್ಲ, ಗೊಬ್ಬರದ ಗುಂಡಿಯಲ್ಲೂ ಪೂರ್ತಿ ಕರಗುವುದಿಲ್ಲ. 2020ರಲ್ಲಿ ಖರಗ್‌ಪುರದ ಐಐಟಿಯ ಸಂಶೋಧಕರು ಇಂಥ ಲೋಟಗಳಲ್ಲಿ 85ರಿಂದ 90 ಡಿಗ್ರಿ ಬಿಸಿಯ 100 ಮಿಲಿಲೀಟರ್ ನೀರನ್ನು 15 ನಿಮಿಷ ಇಟ್ಟು ಪರೀಕ್ಷಿಸಿದರು. ಆ ನೀರಿಗೆ ಸುಮಾರು 25 ಸಾವಿರ ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಬಿಟ್ಟುಕೊಂಡಿದ್ದವು. ಇನ್ನೂರು ಮಂದಿ ದಿನಕ್ಕೆ ಎರಡು ಸಲ ಕಾಫಿ ಕುಡಿಯುವ ಕಚೇರಿಯಲ್ಲಿ ವರ್ಷಕ್ಕೆ ಒಂದು ಲಕ್ಷ ಲೋಟ ಬುಟ್ಟಿ ಸೇರುತ್ತವೆ. ಅದೇ ಕಚೇರಿಗೆ ಇನ್ನೂರು ಸ್ಟೀಲ್ ಲೋಟ ತಂದರೆ ಹತ್ತಾರು ವರ್ಷ ಬಾಳುತ್ತವೆ. ತೊಳೆಯುವವರಿಗೆ ಸಂಬಳ ಕೊಡಬೇಕಾಗುತ್ತದೆ ನಿಜ. ಪೇಪರ್ ಕಪ್ ಕೊಳ್ಳುವ ಹಣ ಒಬ್ಬರ ಸಂಬಳವಾಗಲಿ ಬಿಡಿ, ಅದಕ್ಕಿಂತ ಒಳ್ಳೆಯ ಖರ್ಚು ಯಾವುದಿದೆ?

★ ಸಮಾರಂಭಕ್ಕೆ ಅಷ್ಟೊಂದು ತಟ್ಟೆ ಲೋಟ ಎಲ್ಲಿಂದ ತರುವುದು ಎನ್ನುವವರಿಗೆ ಬೆಂಗಳೂರಿನಲ್ಲಿ ಉತ್ತರವಿದೆ. ಅದಮ್ಯ ಚೇತನ ಸಂಸ್ಥೆ ಕಾರ್ಯಕ್ರಮಗಳಿಗೆ ಸ್ಟೀಲ್ ತಟ್ಟೆ, ಲೋಟ, ಚಮಚಗಳನ್ನು ಎರವಲು ಕೊಡುವ ‘ಪ್ಲೇಟ್ ಬ್ಯಾಂಕ್’ ನಡೆಸುತ್ತಿದೆ. ಬಳಸಿ ಹಿಂದಿರುಗಿಸಿದರಾಯಿತು.

★ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಕೈಚೀಲ, ಫ್ಲೆಕ್ಸ್‌ಗಳನ್ನು ನಿಷೇಧಿಸಿದ್ದು ಮಾರ್ಚ್ 2016ರಲ್ಲಿ. ದೇಶದಾದ್ಯಂತ ಒಂದೇ ಸಲ ಬಳಸಿ ಎಸೆಯುವ ಪ್ಲಾಸ್ಟಿಕ್ ವಸ್ತುಗಳ ನಿಷೇಧ ಬಂದದ್ದು ಜುಲೈ 1, 2022ರಂದು. ನಾವು ಆರು ವರ್ಷ ಮುಂದಿದ್ದೆವು. ಆದರೂ ಕಚೇರಿಗಳ ಸನ್ಮಾನ ಸಮಾರಂಭದಲ್ಲಿ ಇಂದಿಗೂ ಫ್ಲೆಕ್ಸ್ ತೂಗುತ್ತದೆ. ಬಟ್ಟೆಯ ಮೇಲೆ, ಇಸವಿ ಹಾಕದೆ ಬರೆಸಿದ ಬ್ಯಾನರ್ ಮುಂದಿನ ವರ್ಷಕ್ಕೂ ಬರುತ್ತದೆ.

★ ಮೂರು ಬಾಣಗಳು ಒಂದನ್ನೊಂದು ಅಟ್ಟಿಸಿಕೊಂಡು ಹೋಗುವ ಮರುಬಳಕೆಯ ಗುರುತನ್ನು ಬಿಡಿಸಿದ್ದು ಒಬ್ಬ ವಿದ್ಯಾರ್ಥಿ. 1970ರಲ್ಲಿ, ಮೊದಲ ಭೂದಿನದ ಹೊತ್ತಿಗೆ, ಅಮೆರಿಕದ ರಟ್ಟಿನ ಪೆಟ್ಟಿಗೆ ಕಂಪನಿಯೊಂದು ಏರ್ಪಡಿಸಿದ ಸ್ಪರ್ಧೆಯಲ್ಲಿ 23 ವರ್ಷದ ಗ್ಯಾರಿ ಆ್ಯಂಡರ್ಸನ್ ಗೆದ್ದರು. ಆ ಗುರುತನ್ನು ಯಾರು ಬೇಕಾದರೂ ಬಳಸಬಹುದು. ಆದ್ದರಿಂದ ವಸ್ತುವಿನ ಮೇಲೆ ಅದು ಇದ್ದಮಾತ್ರಕ್ಕೆ ಮರುಬಳಕೆ ಆಗಿಯೇ ಆಗುತ್ತದೆಂಬ ಭರವಸೆಯಿಲ್ಲ.

★ ಪ್ಲಾಸ್ಟಿಕ್ಕಿನ ತಳದಲ್ಲಿ ತ್ರಿಕೋನದೊಳಗೆ 1ರಿಂದ 7ರವರೆಗಿನ ಅಂಕಿ ಇರುತ್ತದಲ್ಲ, ಅದು ಹೇಳುವುದು ಪ್ಲಾಸ್ಟಿಕ್ ಯಾವ ಜಾತಿಯದು ಎಂಬುದನ್ನಷ್ಟೇ. 1 ಎಂದರೆ ನೀರಿನ ಬಾಟಲಿಯ ಪೆಟ್. 2 ಶಾಂಪೂ ಡಬ್ಬಿಯಂಥ ಗಟ್ಟಿ ಪ್ಲಾಸ್ಟಿಕ್. 5 ಊಟ ತರಿಸಿದಾಗ ಬರುವ ಕರಿ ಡಬ್ಬಿ. ಇವು ಮೂರಕ್ಕೂ ಗುಜರಿಯಲ್ಲಿ ಗಿರಾಕಿ ಉಂಟು, ತೊಳೆದಿದ್ದರೆ ಮಾತ್ರ. 6 ಎಂದರೆ ಥರ್ಮೋಕೋಲ್. ಅದರ ಗಾತ್ರದಲ್ಲಿ ಶೇ 98ರಷ್ಟು ಗಾಳಿ. ಲಾರಿ ತುಂಬಾ ಹೇರಿದರೂ ತೂಕ ಬರುವುದಿಲ್ಲ, ಸಾಗಣೆಯ ಖರ್ಚೂ ಹುಟ್ಟುವುದಿಲ್ಲ. ಹೊಸ ಕಂಪ್ಯೂಟರ್ ತರಿಸುವಾಗ ರಟ್ಟಿನಲ್ಲೇ ಕಟ್ಟಿ ಕಳಿಸಿ ಎಂದು ಕರಾರಿನಲ್ಲಿ ಬರೆಯಬಹುದು.

★ ಚಿಪ್ಸ್, ಬಿಸ್ಕತ್ತಿನ ಹೊಳೆಯುವ ಪೊಟ್ಟಣ ಎಲ್ಲಿಗೆ ಹೋಗುತ್ತದೆ? ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಪದರಗಳು ಬಿಡಿಸಲಾಗದಂತೆ ಅಂಟಿರುವುದರಿಂದ ಗುಜರಿಯವರು ಅದನ್ನು ಮುಟ್ಟುವುದಿಲ್ಲ. ಬೇರೆ ಮಾಡಿ ಕೊಟ್ಟರೆ ಕಲಬುರಗಿ ಜಿಲ್ಲೆಯ ವಾಡಿಯಲ್ಲಿರುವಂಥ ಸಿಮೆಂಟ್ ಕಾರ್ಖಾನೆಗಳ ಗೂಡಿನಲ್ಲಿ, 1,400 ಡಿಗ್ರಿಗೂ ಮೀರಿದ ಬೆಂಕಿಯಲ್ಲಿ ಕಲ್ಲಿದ್ದಲಿನ ಜೊತೆ ಉರಿಯುತ್ತದೆ. ಬೇರೆ ಮಾಡದಿದ್ದರೆ ಕ್ವಾರಿ ಸೇರುತ್ತದೆ.

★ ಕ್ವಾರಿ ಎಂದೆ. ಬೆಂಗಳೂರಿನಲ್ಲಿ ದಿನಕ್ಕೆ ಐದು ಸಾವಿರ ಟನ್ನಿಗೂ ಮಿಕ್ಕಿ ಕಸ ಹುಟ್ಟುತ್ತದೆ. ಅದರ ಭಾರವನ್ನು ಹೊತ್ತವರು ನಗರದವರಲ್ಲ, ಅಂಚಿನ ಹಳ್ಳಿಗಳವರು. ಮಾವಳ್ಳಿಪುರದ ಜನ ಕುಡಿಯುವ ನೀರು ಕೆಟ್ಟಿತೆಂದು ತಿರುಗಿ ನಿಂತು, 2012ರಲ್ಲಿ ಅಲ್ಲಿ ಸುರಿಯುವುದು ನಿಂತಾಗ ನಗರದ ಬೀದಿಗಳಲ್ಲಿ ಕಸ ಕೊಳೆಯಿತು. ಲಾರಿಗಳು ಮಂಡೂರಿನತ್ತ ತಿರುಗಿದವು. ಅಲ್ಲಿಯ ಜನರೂ ರಸ್ತೆಗಿಳಿದು ಹೋರಾಡಿದರು. ಡಿಸೆಂಬರ್ 1, 2014ರಿಂದ ಮಂಡೂರಿಗೆ ಲಾರಿ ಹೋಗುವುದು ನಿಂತಿತು. ಆಮೇಲಿನ ಸರದಿ ಮಿಟ್ಟಗಾನಹಳ್ಳಿಯ ಕಡೆಯ ಕಲ್ಲು ಕ್ವಾರಿಗಳದು. ಮಂಗಳೂರಿನದು ಇನ್ನೂ ಘೋರ. ಆಗಸ್ಟ್ 2019ರ ಮಳೆಯಲ್ಲಿ ಪಚ್ಚನಾಡಿಯ ಕಸದ ಗುಡ್ಡವೇ ಜಾರಿ ಕೆಳಗಿನ ಮಂದಾರ ಪ್ರದೇಶದ ಮೇಲೆ ಹರಿಯಿತು. ಮನೆಗಳು, ಅಡಿಕೆ ತೆಂಗಿನ ತೋಟಗಳು ಅದರಡಿ ಹೂತುಹೋದವು, ಮನೆಮಂದಿ ಊರು ಬಿಟ್ಟರು. ಹವಾನಿಯಂತ್ರಿತ ಕೊಠಡಿಯಲ್ಲಿ ಕುಳಿತು ಬೆರಕೆ ಕಸ ಎಸೆಯುವಾಗ ಮಂದಾರದ ಒಂದು ತೋಟವಾದರೂ ನಮ್ಮ ನೆನಪಿಗೆ ಬರಬೇಕು.

★ ಬೆಂಗಳೂರಿನಲ್ಲಿ ‘ಎರಡು ಬುಟ್ಟಿ, ಒಂದು ಚೀಲ’ದ ಪದ್ಧತಿಯನ್ನು ಕಡ್ಡಾಯ ಮಾಡಿದ್ದು ಹೈಕೋರ್ಟ್, ಡಿಸೆಂಬರ್ 2015ರಲ್ಲಿ. ಹಸಿರು ಬುಟ್ಟಿಗೆ ಹಸಿ ಕಸ, ಕೆಂಪು ಬುಟ್ಟಿಗೆ ಸ್ಯಾನಿಟರಿ ಪ್ಯಾಡಿನಂಥವು, ಚೀಲಕ್ಕೆ ಒಣ ಕಸ. ಹಸಿರು ಬುಟ್ಟಿಯೊಳಗೆ ಪ್ಲಾಸ್ಟಿಕ್ ಚೀಲ ಹಾಸುವಂತಿಲ್ಲ, ಹಳೆ ಪತ್ರಿಕೆ ಸಾಕು. ಎಷ್ಟೋ ಕಚೇರಿಗಳಲ್ಲಿ ಪ್ರತಿ ಮೇಜಿನ ಕೆಳಗಿನ ಪುಟ್ಟ ಬುಟ್ಟಿಗೂ ದಿನಕ್ಕೊಂದು ಕರಿ ಚೀಲ ಹಾಕುತ್ತಾರೆ, ನಾಲ್ಕು ಟಿಶ್ಯೂ ಬಿದ್ದಿದ್ದರೂ ಚೀಲ ಸಮೇತ ಎಸೆಯುತ್ತಾರೆ. ಮೇಜಿನ ಬುಟ್ಟಿಗಳನ್ನೇ ತೆಗೆದು, ಮಹಡಿಗೆ ಒಂದೆರಡು ಕಡೆ ಬಣ್ಣದ ಬುಟ್ಟಿಗಳನ್ನು ಒಟ್ಟಿಗೆ ಇಟ್ಟರೆ ಚೀಲಗಳೂ ಉಳಿಯುತ್ತವೆ, ಎದ್ದು ಹೋಗಿ ಹಾಕುವವರು ಒಂದು ಕ್ಷಣ ಯೋಚಿಸಿಯೂ ಹಾಕುತ್ತಾರೆ.

★ ಪ್ಯಾಡನ್ನು ಹಳೆ ಪತ್ರಿಕೆಯಲ್ಲಿ ಸುತ್ತಿ ಮೇಲೆ ಕೆಂಪು ಚುಕ್ಕೆ ಇಡುವ ಅಭಿಯಾನ ಬೆಂಗಳೂರಿನಲ್ಲೇ ನಡೆಯಿತು. ಕಸ ವಿಂಗಡಿಸುವ ಕೈಗಳು ಅದನ್ನು ಬಿಚ್ಚಿ ನೋಡುವ ಪಾಡು ತಪ್ಪಲಿ ಎಂದು. ಕಚೇರಿಯ ಶೌಚಾಲಯದಲ್ಲಿ ಪತ್ರಿಕೆಯ ತುಂಡುಗಳನ್ನೂ ಒಂದು ಕೆಂಪು ಪೆನ್ನನ್ನೂ ಇಡುವುದು ಕಷ್ಟದ ಕೆಲಸವೇನಲ್ಲ.

★ ಆ ಕೈಗಳು ಯಾರವು? ಬೆಂಗಳೂರಿನ ಚಿಂದಿ ಆಯುವವರನ್ನು ‘ಹಸಿರು ದಳ’ ಸಂಸ್ಥೆ ಸಂಘಟಿಸಿತು. ಸಾವಿರಾರು ಮಂದಿಗೆ ಪಾಲಿಕೆಯ ಗುರುತಿನ ಚೀಟಿ ಸಿಕ್ಕಿತು. ಬೀದಿಯಲ್ಲಿ ಚೀಲ ಹೊತ್ತು ಅಲೆಯುತ್ತಿದ್ದ ಹಲವರು ಇಂದು ವಾರ್ಡುಗಳ ಒಣ ತ್ಯಾಜ್ಯ ಸಂಗ್ರಹ ಕೇಂದ್ರಗಳನ್ನು ತಾವೇ ನಡೆಸುತ್ತಿದ್ದಾರೆ. ಯಾವ ಪ್ಲಾಸ್ಟಿಕ್ ಯಾವುದೆಂದು ಕೈಯಲ್ಲಿ ಹಿಸುಕಿ, ಸದ್ದು ಕೇಳಿ ಹೇಳುವವರು ಅವರಲ್ಲಿದ್ದಾರೆ. ನಾವು ಹಾಕಿದ ಪೆಟ್ ಬಾಟಲಿ ಒಣಗಿದ್ದರೆ ಅದು ಅವರ ಆದಾಯ, ಸಾಂಬಾರು ಮೆತ್ತಿದ್ದರೆ ಹೊರೆ.

★ ದಿನಕ್ಕೆ ಸರಾಸರಿ 100 ಕಿಲೋಗಿಂತ ಹೆಚ್ಚು ಕಸ ಹುಟ್ಟಿಸುವ ಕಚೇರಿಯನ್ನು 2016ರ ಘನತ್ಯಾಜ್ಯ ನಿಯಮಗಳು ‘ಸಗಟು ಉತ್ಪಾದಕ’ರ ಪಟ್ಟಿಗೆ ಸೇರಿಸಿದವು. ಸರ್ಕಾರಿ ಇಲಾಖೆಗಳಿಗೂ ವಿನಾಯಿತಿ ಇರಲಿಲ್ಲ. ಲೈಸೆನ್ಸ್ ಇಲ್ಲದ ಜಾಗದಲ್ಲಿ ನೂರಕ್ಕಿಂತ ಹೆಚ್ಚು ಮಂದಿಯನ್ನು ಸೇರಿಸಿ ಸಮಾರಂಭ ಮಾಡುವುದಿದ್ದರೆ ಕನಿಷ್ಠ ಮೂರು ಕೆಲಸದ ದಿನ ಮುಂಚೆ ಸ್ಥಳೀಯ ಸಂಸ್ಥೆಗೆ ತಿಳಿಸಿ, ಕಸ ವಿಂಗಡಣೆಗೂ ಏರ್ಪಾಡು ಮಾಡಬೇಕೆಂಬ ನಿಯಮವೂ ಅದರಲ್ಲೇ ಇತ್ತು. ಎಷ್ಟು ಕಚೇರಿಗಳು ಇದನ್ನು ಓದಿದ್ದವು? 2026ರ ಏಪ್ರಿಲ್ 1ರಿಂದ ಜಾರಿಯೆಂದು ಹೊರಡಿಸಿದ ಹೊಸ ನಿಯಮಗಳು ಹಸಿ, ಒಣ, ಸ್ಯಾನಿಟರಿ, ವಿಶೇಷ ಕಾಳಜಿಯ ಕಸ ಎಂದು ನಾಲ್ಕು ಬಗೆ ಮಾಡಲು ಹೇಳುತ್ತವೆ.

★ ಕ್ಯಾಂಟೀನಿನಲ್ಲಿ ಚೆಲ್ಲುವ ಅನ್ನವನ್ನು ಬೈಯದೆ ಕಡಿಮೆ ಮಾಡಬಹುದೇ? ನಾರ್ವೆಯ ಹೋಟೆಲುಗಳಲ್ಲಿ ಇಬ್ಬರು ಸಂಶೋಧಕರು ಬಫೆಯ ತಟ್ಟೆಯನ್ನು ಚಿಕ್ಕದು ಮಾಡಿಸಿದರು. ಇನ್ನು ಕೆಲವು ಕಡೆ ‘ಎಷ್ಟು ಸಲ ಬೇಕಾದರೂ ಬಂದು ಬಡಿಸಿಕೊಳ್ಳಿ’ ಎಂದು ಫಲಕ ಹಾಕಿಸಿದರು. 2013ರಲ್ಲಿ ಪ್ರಕಟವಾದ ಅವರ ವರದಿಯಂತೆ ಎರಡೂ ಉಪಾಯಗಳಿಂದ ವ್ಯರ್ಥವಾಗುವ ಆಹಾರ ಸುಮಾರು ಶೇ 20ರಷ್ಟು ಇಳಿಯಿತು. ಮತ್ತೆ ಸಿಗುತ್ತದೆ ಎಂಬ ನಂಬಿಕೆ ಇದ್ದರೆ ಯಾರೂ ಒಂದೇ ಸಲಕ್ಕೆ ರಾಶಿ ಹಾಕಿಕೊಳ್ಳುವುದಿಲ್ಲ. ನಮ್ಮ ಪಂಕ್ತಿಯೂಟದಲ್ಲಿ ಸ್ವಲ್ಪ ಸ್ವಲ್ಪವೇ ಬಡಿಸುತ್ತ ಎರಡನೇ ಸುತ್ತು ಬರುವುದರಲ್ಲಿ ಇದೇ ವಿವೇಕವಿದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಲೆಕ್ಕದಂತೆ 2022ರಲ್ಲಿ ಜಗತ್ತಿನ ಹೋಟೆಲು, ಕ್ಯಾಂಟೀನುಗಳಂಥ ಕಡೆ ವ್ಯರ್ಥವಾದ ಆಹಾರ 29 ಕೋಟಿ ಟನ್.

★ ಕಾಫಿಯ ಗಷ್ಟಿನಲ್ಲಿ ಶೇ 2ರ ಆಸುಪಾಸಿನಲ್ಲಿ ಸಾರಜನಕವಿದೆ, ಒಳ್ಳೆಯ ಗೊಬ್ಬರ. ಗೊಬ್ಬರದ ಗುಂಡಿಯಲ್ಲಿ ಇಂಗಾಲ 25–30 ಪಾಲು, ಸಾರಜನಕ 1 ಪಾಲು ಇದ್ದರೆ ವಾಸನೆ ಬರದೆ ಬೇಗ ಹದವಾಗುತ್ತದೆ. ಕ್ಯಾಂಟೀನಿನ ಉಳಿಕೆಯಲ್ಲಿ ಸಾರಜನಕ ಜಾಸ್ತಿ, ಆವರಣದ ಮರಗಳ ತರಗೆಲೆಯಲ್ಲಿ ಇಂಗಾಲ ಜಾಸ್ತಿ. ಎರಡೂ ಒಂದೇ ಕಾಂಪೌಂಡಿನೊಳಗೆ ಸಿಗುವ ಕಚೇರಿಗಳು ಎಲೆಗೆ ಬೆಂಕಿ ಹಚ್ಚಿ, ಅನ್ನವನ್ನು ಲಾರಿಗೆ ತುಂಬಿಸುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಟೀ ಬ್ಯಾಗನ್ನು ಮಾತ್ರ ಹಾಗೆಯೇ ಹಾಕಬೇಡಿ. ಅದೆಷ್ಟೋ ಬ್ರ್ಯಾಂಡುಗಳ ಚೀಲದ ಅಂಚನ್ನು ಬೆಸೆಯಲು ಪಾಲಿಪ್ರೊಪಿಲೀನ್ ಬಳಸುತ್ತಾರೆ.

★ ‘ಮಣ್ಣಲ್ಲಿ ಕರಗುತ್ತದೆ’ ಎಂದು ಮಾರುವ ಪಿಎಲ್‌ಎ ಚಮಚ, ಡಬ್ಬಿಗಳು ಕರಗುವುದು ಸುಮಾರು 60 ಡಿಗ್ರಿ ಬಿಸಿಯಿರುವ ದೊಡ್ಡ ಗೊಬ್ಬರ ಘಟಕಗಳಲ್ಲಿ. ತೋಟದ ಗುಂಡಿಯಲ್ಲಿ ಹಾಗೆಯೇ ಉಳಿಯುತ್ತವೆ. ಪೆಟ್ ಬಾಟಲಿಗಳ ಜೊತೆ ಸೇರಿದರೆ ಆ ಮಾಲನ್ನೂ ಕೆಡಿಸುತ್ತವೆ.

★ ಸರ್ಕಾರಿ ಕಚೇರಿ ಮತ್ತು ಸಭೆಗಳಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿ ಬೇಡವೆಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅಕ್ಟೋಬರ್ 2025ರಲ್ಲಿ ಸೂಚನೆ ಕೊಟ್ಟರು. ತಾಲ್ಲೂಕು ಕಚೇರಿಯ ಸಭೆಯಲ್ಲೂ ಸ್ಟೀಲ್ ಜಗ್ಗು, ಲೋಟ ಕಾಣುವಂತಾದರೆ ಆ ಸೂಚನೆ ಸಾರ್ಥಕ.

★ ದೇಶದ ಮೊದಲ ಅಧಿಕೃತ ಇ-ತ್ಯಾಜ್ಯ ಮರುಬಳಕೆ ಘಟಕ ಆರಂಭವಾದದ್ದು ನಮ್ಮ ದಾಬಸ್‌ಪೇಟೆಯಲ್ಲಿ. 2005ರಲ್ಲಿ ಅಲ್ಲಿ ಇ-ಪರಿಸರ ಸಂಸ್ಥೆ ಕೆಲಸ ಶುರುಮಾಡಿತು. ಹಳೆಯ ದಪ್ಪ ಮಾನಿಟರ್ ಒಂದರಲ್ಲೇ ಕಿಲೋಗಟ್ಟಲೆ ಸೀಸ ಇರುತ್ತಿತ್ತು. ಗುಜರಿ ಓಣಿಗಳಲ್ಲಿ ತಾಮ್ರಕ್ಕಾಗಿ ವೈರು ಸುಡುವವರು, ಚಿನ್ನಕ್ಕಾಗಿ ಸರ್ಕ್ಯೂಟ್ ಹಲಗೆಯನ್ನು ಆ್ಯಸಿಡ್ಡಿನಲ್ಲಿ ಅದ್ದುವವರು ಉಸಿರಾಡುವುದು ಇಂಥ ವಿಷಗಳನ್ನೇ.

★ ಕೋಲಾರದ ಚಿನ್ನದ ಗಣಿ ಫೆಬ್ರುವರಿ 2001ರಲ್ಲಿ ಮುಚ್ಚುವ ಹೊತ್ತಿಗೆ ಒಂದು ಟನ್ ಅದಿರಿಗೆ ಸಿಗುತ್ತಿದ್ದುದು ಕೆಲವೇ ಗ್ರಾಂ ಚಿನ್ನ. ಒಂದು ಟನ್ ಹಳೆಯ ಮೊಬೈಲುಗಳಲ್ಲಿ ನೂರಾರು ಗ್ರಾಂ ಇದೆ! ಟೋಕಿಯೊ ಒಲಿಂಪಿಕ್ಸಿನ ಸುಮಾರು 5 ಸಾವಿರ ಪದಕಗಳನ್ನು ಜಪಾನೀಯರು ತಮ್ಮ ಹಳೆಯ ಉಪಕರಣಗಳಿಂದಲೇ ಮಾಡಿದರು. ಎರಡು ವರ್ಷದಲ್ಲಿ ಜನ ತಂದುಕೊಟ್ಟ 62 ಲಕ್ಷ ಮೊಬೈಲುಗಳು ಮತ್ತಿತರ ಉಪಕರಣಗಳಿಂದ 32 ಕಿಲೋ ಚಿನ್ನ, 3,500 ಕಿಲೋ ಬೆಳ್ಳಿ ಬಂತು. ಇತ್ತ 2022ರಲ್ಲಿ ಜಗತ್ತು ಎಸೆದ 6.2 ಕೋಟಿ ಟನ್ ಇ-ತ್ಯಾಜ್ಯದಲ್ಲಿ ಸರಿಯಾದ ಮರುಬಳಕೆಗೆ ಹೋದದ್ದಕ್ಕೆ ದಾಖಲೆ ಇರುವುದು ಶೇ 22.3ಕ್ಕೆ ಮಾತ್ರ.

★ ಸಾವಿರ ಅಥವಾ ಅದಕ್ಕಿಂತ ಹೆಚ್ಚು ವಿದ್ಯುತ್ ಉಪಕರಣ ಬಳಸುವ ಸಂಸ್ಥೆಯನ್ನು 2022ರ ಇ-ತ್ಯಾಜ್ಯ ನಿಯಮಗಳು ‘ಸಗಟು ಗ್ರಾಹಕ’ ಎನ್ನುತ್ತವೆ. ಕಂಪ್ಯೂಟರು, ಪ್ರಿಂಟರು, ಫೋನು ಎಲ್ಲ ಸೇರಿಸಿದರೆ ಆ ಸಂಖ್ಯೆ ಬೇಗ ಮುಟ್ಟುತ್ತದೆ. ಅಂಥವರು ನೋಂದಾಯಿತ ಘಟಕಗಳ ಮೂಲಕವೇ ವಿಲೇವಾರಿ ಮಾಡಬೇಕು. ಮಾಹಿತಿ ಸೋರುವ ಭಯದಿಂದ ಹಳೆ ಕಂಪ್ಯೂಟರುಗಳನ್ನು ಸ್ಟೋರ್ ರೂಮಿನಲ್ಲಿ ಪೇರಿಸಿಡುವ ಕಚೇರಿಗಳು ಬಹಳ. ಹಾರ್ಡ್‌ಡಿಸ್ಕನ್ನು ಕಣ್ಣೆದುರೇ ಪುಡಿಮಾಡಿ ಪ್ರಮಾಣಪತ್ರ ಕೊಡುವ ಘಟಕಗಳಿವೆ. ಪೇರಿಸಿಡುವ ಅಗತ್ಯವಿಲ್ಲ.

★ ಹಳೆಯ ಟ್ಯೂಬ್‌ಲೈಟಿನೊಳಗೆ ಪಾದರಸವಿದೆ. ಒಡೆದು ಕಸಕ್ಕೆ ಹಾಕಿದರೆ ಅದನ್ನು ಗುಡಿಸುವವರು ಆವಿಯನ್ನು ಉಸಿರಾಡುತ್ತಾರೆ. ಇ-ತ್ಯಾಜ್ಯದ ಜೊತೆ, ಒಡೆಯದಂತೆ ರಟ್ಟಿನಲ್ಲಿ ಸುತ್ತಿ ಕೊಡಿ.

★ ಕಚೇರಿಯ ಕಸದ ಬಹುಪಾಲು ಖರೀದಿ ವಿಭಾಗದ ಆರ್ಡರಿನಲ್ಲೇ ಬರೆದಿರುತ್ತದೆ. ಪೇಪರ್ ಕಪ್ಪಿನ ಪೆಟ್ಟಿಗೆ, ಅರ್ಧ ಲೀಟರಿನ ಬಾಟಲಿ, ರಿಫಿಲ್ ಇಲ್ಲದ ಮಾರ್ಕರು, ಥರ್ಮೋಕೋಲ್ ಕಟ್ಟಿದ ಸಾಮಾನು ಇವೆಲ್ಲ ಒಳಗೆ ಬಂದ ಮೇಲೆ ಬುಟ್ಟಿಗಳು ಎಷ್ಟು ಬಣ್ಣದವಿದ್ದರೂ ಅವು ಕಸವಾಗಿಯೇ ಹೊರಡುತ್ತವೆ. ಮುಂದಿನ ತಿಂಗಳ ಆರ್ಡರ್ ಹೋಗುವ ಮೊದಲು ಒಮ್ಮೆ ಆ ಪಟ್ಟಿ ತರಿಸಿ ನೋಡಿ. ಹಾಗೆಯೇ ನಿಮ್ಮ ಕಚೇರಿಯ ಒಣ ಕಸ ಯಾವ ಕೇಂದ್ರಕ್ಕೆ, ಹಸಿ ಕಸ ಯಾವ ಘಟಕಕ್ಕೆ, ಉಳಿದದ್ದು ಯಾವ ಕ್ವಾರಿಗೆ ಹೋಗುತ್ತದೆಂದು ಗುತ್ತಿಗೆದಾರರನ್ನು ಕೇಳಿ, ಲಿಖಿತವಾಗಿ ಪಡೆಯಿರಿ. ನಿಮ್ಮ ಮಹಡಿಯ ಹೌಸ್‌ಕೀಪಿಂಗ್ ಅಕ್ಕನನ್ನೂ ಕೇಳಿ: ನಾವು ಬೇರೆ ಮಾಡಿ ಹಾಕಿದ್ದು ಕೆಳಗಿನವರೆಗೂ ಬೇರೆಯಾಗಿಯೇ ಹೋಗುತ್ತಿದೆಯೇ? ಇಲ್ಲ ಎಂದರೆ ಸರಿಪಡಿಸುವ ಕೆಲಸ ಅಲ್ಲಿಂದಲೇ ಶುರುವಾಗಲಿ.